77 ಇಂಚು ಹಿಮ ಬಿದ್ರೂ ರೆಕಾರ್ಡ್ ಆಗ್ಲಿಲ್ಲ

1997ರ ಜನವರಿ 11-12ಕ್ಕೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮಾಂಟೆಗ್ಯೂ ಅನ್ನೋ ಪುಟ್ಟ ಊರಲ್ಲಿ 24 ಗಂಟೇಲಿ 77 ಇಂಚು ಹಿಮ ಬಿತ್ತು ಅಂತ ವರದಿ ಆಯ್ತು, ಆಳೆತ್ತರಕ್ಕಿಂತ ಜಾಸ್ತಿ! ಒಂಟಾರಿಯೊ ಸರೋವರ ದಾಟಿ ಬರೋ ಥಂಡಿ ಗಾಳಿ ದಾರಿಲಿ ನೀರಾವಿ ಹೊತ್ಕೊಂಡು ಬಂದು ಈ ಗುಡ್ಡಗಳ ಮೇಲೆ ಸುರಿಯುತ್ತೆ, ಹಾಗಾಗಿ ಅಲ್ಲಿ ಭಾರೀ ಹಿಮ ಹೊಸದೇನಲ್ಲ. 1921ರಲ್ಲಿ ಕೊಲರಾಡೋದ ಸಿಲ್ವರ್ ಲೇಕ್‌ನಲ್ಲಿ ಆಗಿದ್ದ 75.8 ಇಂಚಿನ ದಾಖಲೆ ಮುರೀತು ಅಂತ ಎಲ್ರೂ ಅಂದ್ಕೊಂಡ್ರು, ಆದ್ರೆ ಪರಿಶೀಲನೆಗೆ ಕೂತ ಸಮಿತಿ ಒಪ್ಪಲೇ ಇಲ್ಲ.

ಯಾಕಂದ್ರೆ ಅಳತೆ ಮಾಡಿದ್ದು ಆರು ಸಲ, ರೂಲ್ಸ್ ಪ್ರಕಾರ ದಿನಕ್ಕೆ ಹೆಚ್ಚಂದ್ರೆ ನಾಲ್ಕೇ ಸಲ. ಕೇಳೋಕೆ ತರಲೆ ಅನ್ಸುತ್ತೆ ಅಲ್ವಾ, ಆದ್ರೆ ನನ್ ಪ್ರಕಾರ ಸಮಿತಿ ಮಾಡಿದ್ದೇ ಸರಿ. ಹೊಸ ಹಿಮ ತನ್ನ ಭಾರಕ್ಕೇ ಕುಸಿಯುತ್ತೆ, ಡಬ್ಬಿಗೆ ಹಾಕಿದ ಅವಲಕ್ಕಿ ಕುಕ್ಕಿದ್ರೆ ಇಳಿಯುತ್ತಲ್ಲ ಹಾಗೆ. ಬಿಳಿ ಬಣ್ಣ ಬಳಿದ ಪ್ಲೈವುಡ್ ಹಲಗೆ ಇಟ್ಟು, ಅಳೆದು, ಒರೆಸಿ, ಮತ್ತೆ ಅಳೆದು ಕೂಡಿಸ್ತಾ ಹೋದ್ರೆ, ಎಷ್ಟು ಸಲ ಒರೆಸ್ತೀರೋ ಮೊತ್ತ ಅಷ್ಟು ಉಬ್ಬುತ್ತೆ. ಬಿದ್ದಿರೋ ಹಿಮ ಮಾತ್ರ ಅದೇ.

ಇನ್ನು ಗಾಳಿ ಇದ್ರೆ ಮುಗೀತು ಕಥೆ. ಬಯಲಲ್ಲಿ ಹುಲ್ಲು ಕಾಣ್ತಿರುತ್ತೆ, ಗೋಡೆ ಪಕ್ಕ ಎದೆಮಟ್ಟ ಗುಡ್ಡೆ, ಎರಡೂ ಒಂದೇ ಅಂಗಳ. ಅದಕ್ಕೇ ಗಾಳಿ ಕಮ್ಮಿ ಹೊಡೆಯೋ ಜಾಗ ಹುಡುಕಿ, ಹತ್ತಾರು ಕಡೆ ಕೋಲು ಚುಚ್ಚಿ, ಸರಾಸರಿ ತೆಗೀಬೇಕು, ಫೋಟೋಗೆ ಚೆನ್ನಾಗಿದೆ ಅಂತ ದೊಡ್ಡ ಗುಡ್ಡೆ ಮಾತ್ರ ಅಳೆಯೋ ಹಾಗಿಲ್ಲ. ಹಲಗೆ ಪಕ್ಕ ಒಂದು ಬಾವುಟದ ಕೋಲು ನೆಡೋದೂ ಮರೀಬಾರ್ದು. 2016ರ ಜನವರಿ ಬಿರುಗಾಳಿಲಿ ವಾಷಿಂಗ್ಟನ್‌ನ ರೇಗನ್ ಏರ್‌ಪೋರ್ಟಲ್ಲಿ ಹಲಗೆನೇ ಹಿಮದಡಿ ಹೂತು ಸಿಗದೇ ಹೋಯ್ತು! ಅಲ್ಲಿ ಲೆಕ್ಕಕ್ಕೆ ಬಂದಿದ್ದು 17.8 ಇಂಚು, ಅದೇ ಬಿರುಗಾಳಿಗೆ ವಾಷಿಂಗ್ಟನ್‌ದೇ ಇನ್ನೊಂದು ಏರ್‌ಪೋರ್ಟ್ ಡಲ್ಲೆಸ್‌ನಲ್ಲಿ 29.3. ವ್ಯತ್ಯಾಸದಲ್ಲಿ ನಿಜವಾದ ಹವಾಮಾನ ಎಷ್ಟು, ಅಳತೆ ಎಡವಟ್ಟು ಎಷ್ಟು ಅಂತ ಜನ ಆಮೇಲೆ ಸುಮಾರು ದಿನ ಜಗಳ ಆಡಿದ್ರು.

ಇಂಚಿಗಿಂತ ನನಗೆ ನಂಬಿಕೆ ನೀರಿನ ಲೆಕ್ಕದ ಮೇಲೆ. ಹತ್ತಿಂಚು ಹಿಮ ಕರಗಿದ್ರೆ ಒಂದಿಂಚು ನೀರು ಅನ್ನೋದು ಬರೀ ಅಂದಾಜು, ಒಣ ಪುಡಿ ಹಿಮ ಇಪ್ಪತ್ತಿಂಚು ಬಿದ್ರೂ ಒಂದೇ ಇಂಚು ನೀರಾಗಬಹುದು, ಒದ್ದೆ ಹಿಮ ಐದಾರಿಂಚಿಗೇ ಅಷ್ಟಾಗುತ್ತೆ. ಮಳೆಮಾಪಕ ನಂಬ್ಕೊಂಡು ಕೂತ್ರೂ ಕಷ್ಟ, ಗಾಳಿಗೆ ಹಿಮದ ಚೂರುಗಳು ಅದರ ಬಾಯಿ ಮೇಲಿಂದ ಹಾರಿ ಹೋಗ್ತವೆ. ಅಂಥ ದಿನ ಮಾಪಕದ ಸಿಲಿಂಡರ್‌ನ ತಲೆಕೆಳಗಾಗಿ ಹಲಗೆ ಮೇಲಿನ ಹಿಮಕ್ಕೆ ಒತ್ತಿ, ಒಳಗೆ ಸಿಕ್ಕಿದ್ದಷ್ಟನ್ನೂ ಎತ್ಕೊಂಡು, ಅಳೆದ ಬಿಸಿನೀರು ಹಾಕಿ ಕರಗಿಸಿ, ಕೊನೆಗೆ ಹಾಕಿದ ನೀರನ್ನ ಕಳೀತಾರೆ.