ಮನೆ ಡೇಕೇರ್‌ನಲ್ಲಿ ಟ್ರ್ಯಾಂಪೊಲಿನ್ ಇಡಬಹುದಾ?

ಓದುಗರ ಪ್ರಶ್ನೆ: ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದೇನೆ. ಒಂಬತ್ತು ಮಕ್ಕಳಿದ್ದಾರೆ. ಎಲ್ಲರಿಗಿಂತ ಚಿಕ್ಕವನಿಗೆ ಎರಡು ವರ್ಷ, ಸ್ಕೂಲ್ ಮುಗಿಸಿ ಬರುವ ದೊಡ್ಡವಳಿಗೆ ಎಂಟು. ನೋಡಿಕೊಳ್ಳಲು ನಾನು, ಸಹಾಯಕ್ಕೆ ಒಬ್ಬರು ಅಕ್ಕ. ಮಕ್ಕಳು ದಿನವಿಡೀ ಸೋಫಾ ಮೇಲೆ ಕುಣಿಯುತ್ತಾರೆ. ಮೇಲೆ ತಾರಸಿ ಸುಮ್ನೆ ಖಾಲಿ ಬಿದ್ದಿದೆ. ಸುತ್ತ ಬಲೆ ಇರುವ ಟ್ರ್ಯಾಂಪೊಲಿನ್ (ಚೌಕಟ್ಟಿಗೆ ಸ್ಪ್ರಿಂಗ್‌ನಿಂದ ಬಿಗಿದ, ಚಿಮ್ಮಿ ಕುಣಿಯುವ ಹಾಸು) ಒಂದನ್ನು ತರಿಸೋಣ ಅಂತಿದ್ದೇನೆ. ಮಕ್ಕಳ ತಾಯಂದಿರಲ್ಲಿ ಇಬ್ಬರು ಅದನ್ನೇ ಕೇಳುತ್ತಿದ್ದಾರೆ. ತರಿಸಬಹುದಾ?

ಉತ್ತರ: ಬೇಡ. ದೊಡ್ಡದೂ ಬೇಡ, ಹಿಡಿ ಇರುವ ಪುಟ್ಟದೂ ಬೇಡ.

ಒಂದೇ ಮಾತಲ್ಲಿ ಮುಗಿಸಿದೆ ಅಂತ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮನಸ್ಸಿನಲ್ಲಿರುವುದು ಒಳ್ಳೆಯದೇ. ಮಕ್ಕಳು ಟಿವಿ ಮುಂದೆ ಕೂರದೆ ಕುಣಿಯಲಿ ಅನ್ನುವುದು ನಿಮ್ಮ ಆಸೆ. ಆದರೆ ನಿಮ್ಮ ಪ್ರಶ್ನೆಯಲ್ಲೇ ತೊಡಕು ಇದೆ. ಎರಡು ವರ್ಷದವನು, ಎಂಟು ವರ್ಷದವಳು, ಒಂದೇ ಮನೆ. ಟ್ರ್ಯಾಂಪೊಲಿನ್‌ಗೆ ಇದಕ್ಕಿಂತ ಕೆಟ್ಟ ಜೋಡಿ ಇನ್ನೊಂದಿಲ್ಲ.

ಮಗು ಹೊರಗೆ ಬಿದ್ದುಬಿಡುತ್ತದೆ ಅನ್ನುವುದೇ ಹೆಚ್ಚಿನವರ ಭಯ. ಅದಕ್ಕೇ ಬಲೆ ಇರುವುದನ್ನು ಹುಡುಕುತ್ತಾರೆ. ಬಲೆ ನೋಡಿದ ಕೂಡಲೇ ಸಮಾಧಾನ ಆಗುತ್ತದೆ. ಆದರೆ ಹೆಚ್ಚು ಪೆಟ್ಟಾಗುವುದು ಬಲೆಯ ಒಳಗೇ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಂದರೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2012ರಲ್ಲಿ ಈ ಬಗ್ಗೆ ವಿವರವಾದ ಹೇಳಿಕೆ ಕೊಟ್ಟಿತು. ಟ್ರ್ಯಾಂಪೊಲಿನ್‌ನಿಂದ ಆಗುವ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದಕ್ಕಿಂತ ಹೆಚ್ಚು ಜನ ಒಟ್ಟಿಗೆ ಕುಣಿಯುವಾಗ ಆಗುತ್ತವೆ ಎಂದು ಅದರಲ್ಲಿದೆ. ಹಾಗೆ ಒಟ್ಟಿಗೆ ಕುಣಿಯುವವರಲ್ಲಿ ಪೆಟ್ಟು ಯಾರಿಗೆ? ತೂಕದವರಿಗಿಂತ ಹಗುರ ಇರುವ ಮಗುವಿಗೆ ಪೆಟ್ಟಾಗುವ ಸಾಧ್ಯತೆ 14 ಪಟ್ಟಿನವರೆಗೂ ಜಾಸ್ತಿ.

ಯಾಕೆ ಹೀಗೆ? ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಹೋಗಿರುತ್ತೀರಿ, ಅಲ್ವಾ? ರಸ್ತೆ ಉಬ್ಬು ಬಂದಾಗ ಬಸ್ಸು ನಮ್ಮನ್ನು ಮೇಲಕ್ಕೆ ಎತ್ತಿ ಹಾಕುತ್ತದೆ. ನಾವು ಕೆಳಗೆ ಇಳಿಯುವ ಹೊತ್ತಿಗೆ ಸರಿಯಾಗಿ ಸೀಟು ಮೇಲಕ್ಕೆ ಬಂದರೆ ಸೊಂಟಕ್ಕೆ ಧಡ್ ಅಂತ ಬಡಿಯುತ್ತದೆ. ಟ್ರ್ಯಾಂಪೊಲಿನ್ ಮೇಲೂ ಆಗುವುದು ಇದೇ. ಎಂಟು ವರ್ಷದವಳು ಜೋರಾಗಿ ತುಳಿದಾಗ ಹಾಸು ಕೆಳಗೆ ಹೋಗಿ ವೇಗವಾಗಿ ಮೇಲೆ ಚಿಮ್ಮುತ್ತದೆ. ಅದೇ ಕ್ಷಣಕ್ಕೆ ಎರಡು ವರ್ಷದವನು ಕೆಳಗೆ ಬರುತ್ತಿರುತ್ತಾನೆ. ಮೇಲೆ ಬರುವ ಹಾಸು, ಕೆಳಗೆ ಬರುವ ಕಾಲು, ಎರಡೂ ಎದುರಾಗುತ್ತವೆ. ಆ ಏಟು ಪೂರ್ತಿ ಹೋಗುವುದು ಮಂಡಿಯ ಸ್ವಲ್ಪ ಕೆಳಗಿನ ಎಳೆ ಮೂಳೆಗೆ. ಈ ಮುರಿತ ಎಷ್ಟು ಸಾಮಾನ್ಯ ಅಂದರೆ ಮೂಳೆ ವೈದ್ಯರು ಇದಕ್ಕೆ ಟ್ರ್ಯಾಂಪೊಲಿನ್ ಫ್ರ್ಯಾಕ್ಚರ್ ಅಂತಲೇ ಹೆಸರಿಟ್ಟಿದ್ದಾರೆ. ಹೆಚ್ಚಾಗಿ ಕಾಣುವುದು ಎರಡರಿಂದ ಐದು ವರ್ಷದ ಮಕ್ಕಳಲ್ಲಿ. ಮಗು ಬೀಳಬೇಕಂತಲೂ ಇಲ್ಲ. ನಿಂತಲ್ಲೇ ಮುರಿಯುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪರಿಚಯದವರ ಮನೆಯಲ್ಲಿ ಹುಟ್ಟುಹಬ್ಬ. ಅಂಗಳದಲ್ಲಿ ಬಾಡಿಗೆಗೆ ತಂದ ಟ್ರ್ಯಾಂಪೊಲಿನ್. ಸುತ್ತ ಬಲೆ ಇತ್ತು, ಪಕ್ಕದಲ್ಲಿ ನಾಲ್ಕು ಜನ ದೊಡ್ಡವರು ಜ್ಯೂಸ್ ಹಿಡಿದು ನಿಂತಿದ್ದರು. ಒಳಗೆ ಮೂರು ವರ್ಷದ ಹುಡುಗ, ಅವನ ಜೊತೆ ಒಂಬತ್ತು ವರ್ಷದ ಅಣ್ಣ. ಕೈ ಕೈ ಹಿಡಿದುಕೊಂಡು ಕುಣಿಯುತ್ತಿದ್ದರು. ಇದ್ದಕ್ಕಿದ್ದಂತೆ ಚಿಕ್ಕವನು ಕುಕ್ಕರಿಸಿ ಕೂತುಬಿಟ್ಟ. ಯಾರೂ ತಳ್ಳಿರಲಿಲ್ಲ, ಎಲ್ಲಿಂದಲೂ ಬಿದ್ದಿರಲಿಲ್ಲ. ಅಳುತ್ತಿದ್ದವನನ್ನು ಎತ್ತಿ ನೆಲದ ಮೇಲೆ ನಿಲ್ಲಿಸಿದರೆ ಎಡಗಾಲನ್ನು ಕೊಕ್ಕರೆ ಥರ ಮಡಿಚಿ ಎತ್ತಿಕೊಂಡ. ಊತ ಇಲ್ಲ, ಗಾಯ ಇಲ್ಲ. "ಉಳುಕಿರಬೇಕು" ಅಂತ ಅಜ್ಜಿ ಎಣ್ಣೆ ಬಿಸಿ ಮಾಡಿ ನೀವಿದರು. ಮಗು ಕಿರುಚಿಕೊಂಡಿತು. ರಾತ್ರಿಯಿಡೀ ನಿದ್ದೆ ಇಲ್ಲ. ಮರುದಿನ ಎಕ್ಸ್‌ರೇ ತೆಗೆಸಿದಾಗ ಮಂಡಿಯ ಕೆಳಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತು. ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಆ ಅಣ್ಣ ಇದ್ದಾನಲ್ಲ, ಅವನು ವಾರಗಟ್ಟಲೆ ಮಂಕಾಗಿದ್ದ. ತಾನೇ ಏನೋ ಮಾಡಿದೆ ಅಂತ ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ಹಾಗಾಗಿ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕುಣಿಯುವಾಗ ಆಗಲಿ, ಸೋಫಾದಿಂದ ಬಿದ್ದಾಗ ಆಗಲಿ, ಮಗು ಕಾಲು ಊರಲು ಒಪ್ಪದಿದ್ದರೆ ಎಣ್ಣೆ ಹಚ್ಚಿ ನೀವಬೇಡಿ. "ನಡಿ ನೋಡೋಣ" ಅಂತ ನಡೆಸಲೂಬೇಡಿ. ಕಟ್ಟು ಕಟ್ಟಿಸುವ ಯೋಚನೆಗೆ ಮೊದಲು ಎಕ್ಸ್‌ರೇ ಆಗಲಿ. ಸಣ್ಣ ಬಿರುಕಾದರೆ ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಎರಡು ಮೂರು ದಿನ ಕಳೆದರೂ ಮಗು ಕುಂಟುತ್ತಿದ್ದರೆ ಮತ್ತೆ ತೋರಿಸಿ.

"ಒಬ್ಬೊಬ್ಬರನ್ನೇ ಬಿಡುತ್ತೇನೆ, ನಾನು ಪಕ್ಕದಲ್ಲೇ ನಿಂತಿರುತ್ತೇನೆ" ಅಂತ ನೀವು ಹೇಳಬಹುದು. ನಿಮ್ಮ ಮಾತಿನ ಮೇಲೆ ನನಗೆ ಅನುಮಾನ ಇಲ್ಲ. ಆದರೆ ನಿಮ್ಮ ಮನೆಯ ಸಂಜೆ ನಾಲ್ಕೂವರೆ ಗಂಟೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಒಂದು ಮಗು ಈಗಷ್ಟೇ ಎದ್ದು ಅಳುತ್ತಿದೆ. ಇನ್ನೊಂದಕ್ಕೆ ಡೈಪರ್ ಬದಲಾಯಿಸಬೇಕು. ಸ್ಕೂಲ್ ವ್ಯಾನ್ ಬಂದು ಹಾರ್ನ್ ಹೊಡೆಯುತ್ತಿದೆ. ಒಲೆ ಮೇಲೆ ಹಾಲು. ಯಾರದೋ ಅಪ್ಪ ಬೇಗ ಬಂದು ಬೆಲ್ ಒತ್ತಿದ್ದಾರೆ. ಸಹಾಯದ ಅಕ್ಕ ಅವತ್ತೇ ರಜೆ. ಇಂಥ ಹೊತ್ತಲ್ಲಿ ಟ್ರ್ಯಾಂಪೊಲಿನ್ ಪಕ್ಕ ಕಣ್ಣು ಮಿಟುಕಿಸದೆ ಒಬ್ಬರು ನಿಂತೇ ಇರಬೇಕು. ಒಬ್ಬಳು ಕುಣಿಯುವಾಗ ಉಳಿದ ಎಂಟು ಮಕ್ಕಳನ್ನು ತಡೆದು ನಿಲ್ಲಿಸಬೇಕು. ಮನೆ ಡೇಕೇರ್‌ನಲ್ಲಿ ಇದು ನಡೆಯುವ ಮಾತಲ್ಲ. ಇಷ್ಟಕ್ಕೂ ಅದೇ 2012ರ ಹೇಳಿಕೆ ಇನ್ನೊಂದು ವಿಷಯ ಹೇಳುತ್ತದೆ. ಮೂರನೇ ಒಂದರಿಂದ ಅರ್ಧದಷ್ಟು ಗಾಯಗಳು ದೊಡ್ಡವರು ನೋಡುತ್ತಿರುವಾಗಲೇ ಆಗಿವೆ. ಆ ಹುಟ್ಟುಹಬ್ಬದಲ್ಲಿ ನಾವೂ ನೋಡುತ್ತಲೇ ಇದ್ದೆವು. ಹಾಸು ಚಿಮ್ಮುವ ವೇಗಕ್ಕೆ ನಮ್ಮ ಕೈ ಎಲ್ಲಿ ಹೋಗಿ ಮುಟ್ಟಬೇಕು?

ಇನ್ನು ವಯಸ್ಸು. ಅಮೆರಿಕದ ಮೂಳೆ ವೈದ್ಯರ ಸಂಘವೂ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗವೂ ಆರು ವರ್ಷಕ್ಕಿಂತ ಚಿಕ್ಕವರನ್ನು ಟ್ರ್ಯಾಂಪೊಲಿನ್ ಹತ್ತಿಸಬೇಡಿ ಅನ್ನುತ್ತವೆ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಆದ ಗಾಯಗಳಲ್ಲಿ 48% ಮೂಳೆ ಮುರಿತ ಅಥವಾ ಕೀಲು ಜಾರಿದ್ದು. ನಿಮ್ಮ ಒಂಬತ್ತು ಮಕ್ಕಳಲ್ಲಿ ಆರು ದಾಟಿದವರು ಎಷ್ಟು ಜನ? ಇಬ್ಬರೋ ಮೂವರೋ ಇರಬಹುದು. ಉಳಿದವರೆಲ್ಲ ಕೆಳಗೆ ನಿಂತು ನೋಡುತ್ತಾ ಇರಬೇಕು. ಅದು ಮಕ್ಕಳಿಗೆ ಕೊಡುವ ಶಿಕ್ಷೆ.

ಮೂಲದಲ್ಲಿ ಟ್ರ್ಯಾಂಪೊಲಿನ್ ಆಟಿಕೆಯೇ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಜಾರ್ಜ್ ನಿಸೆನ್ ಮತ್ತು ಲ್ಯಾರಿ ಗ್ರಿಸ್ವೋಲ್ಡ್ ಅದನ್ನು ಮಾಡಿದ್ದು ಜಿಮ್ನಾಸ್ಟಿಕ್ಸ್ ಅಭ್ಯಾಸಕ್ಕೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದು ಸ್ಪರ್ಧೆಯೂ ಆಯಿತು. ತರಬೇತಿ ಪಡೆದ ಕೋಚ್ ಇರುವ ಕಡೆ, ಒಬ್ಬೊಬ್ಬರಾಗಿ, ಹಂತ ಹಂತವಾಗಿ ಕಲಿಯುವ ಸಲಕರಣೆ ಅದು. ಹಿತ್ತಲಿಗೆ, ತಾರಸಿಗೆ ಬಂದದ್ದು ಆಮೇಲೆ.

ಡೇಕೇರ್ ವಿಷಯದಲ್ಲಂತೂ ಮಾತು ಇನ್ನೂ ಸ್ಪಷ್ಟ. 'ಕೇರಿಂಗ್ ಫಾರ್ ಅವರ್ ಚಿಲ್ಡ್ರನ್' ಅನ್ನುವುದು ಅಮೆರಿಕದ ಡೇಕೇರ್‌ಗಳಿಗಾಗಿ ರೂಪಿಸಿದ ಆರೋಗ್ಯ ಮತ್ತು ಸುರಕ್ಷತೆಯ ಮಾನದಂಡ. ದೊಡ್ಡದಾಗಲಿ ಮಿನಿಯಾಗಲಿ, ಡೇಕೇರ್‌ನಲ್ಲಿ ಟ್ರ್ಯಾಂಪೊಲಿನ್ ಬಳಸಲೇಬಾರದು ಅನ್ನುತ್ತದೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದಾಗಲೂ ಬೇಡ. ಅಂದರೆ ಮಾಲ್‌ನಲ್ಲಿರುವ ಟ್ರ್ಯಾಂಪೊಲಿನ್ ಪಾರ್ಕಿಗೆ ಪಿಕ್‌ನಿಕ್ ಕೂಡ ಬೇಡ. ಅಲ್ಲಿ ನೆಲೆಸಿ ಮನೆಯಲ್ಲೇ ಡೇಕೇರ್ ನಡೆಸುವ ಕನ್ನಡತಿಯರು ಇದನ್ನು ಓದುತ್ತಿದ್ದರೆ ನಿಮ್ಮ ರಾಜ್ಯದ ಲೈಸೆನ್ಸ್ ನಿಯಮವನ್ನೂ ಮನೆ ಇನ್ಶೂರೆನ್ಸ್ ಕಾಗದವನ್ನೂ ಇವತ್ತೇ ತೆಗೆದು ನೋಡಿ. ಟ್ರ್ಯಾಂಪೊಲಿನ್ ಇರುವ ಮನೆಯಲ್ಲಿ ಆದ ಗಾಯಕ್ಕೆ ಹಣ ಕೊಡುವುದಿಲ್ಲ ಅನ್ನುವ ಪಾಲಿಸಿಗಳು ಅಲ್ಲಿ ಬಹಳ ಇವೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಆಗಿದ್ದು 'ತಾರಸಿ' ಅನ್ನುವ ಮಾತು ನೋಡಿ. ನಮ್ಮ ಮನೆಗಳ ಪ್ಯಾರಪೆಟ್ ಗೋಡೆ ನೆಲದ ಮೇಲೆ ನಿಂತ ಮಗುವಿಗೆ ಅಡ್ಡ ಇರಲಿ ಅಂತ ಕಟ್ಟಿದ್ದು. ಟ್ರ್ಯಾಂಪೊಲಿನ್ ಮೇಲೆ ನಿಂತ ಮಗುವಿಗೆ ಅದು ಸೊಂಟದ ಮಟ್ಟಕ್ಕೂ ಬರುವುದಿಲ್ಲ. ಕುಣಿದರಂತೂ ಮಗು ಗೋಡೆಗಿಂತ ಪೂರ್ತಿ ಮೇಲೆ ಹೋಗುತ್ತದೆ. ಬಲೆ ಇದೆಯಲ್ಲ ಅಂದರೆ, ಆ ಬಲೆ ವರ್ಷಗಟ್ಟಲೆ ಬಿಸಿಲಲ್ಲಿ ಒಣಗಿ ಮಳೆಯಲ್ಲಿ ನೆನೆದರೆ ನೂಲು ಸಡಿಲವಾಗುತ್ತದೆ. ಕೈಯಲ್ಲಿ ಎಳೆದರೆ ಹರಿಯುತ್ತದೆ. ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಕಪ್ಪು ಹಾಸು ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಹೆಜ್ಜೆ ಇಡಲಾಗದಷ್ಟು ಕಾಯುತ್ತದೆ. ಜೋರು ಗಾಳಿ ಬಂದರೆ ಇಡೀ ಚೌಕಟ್ಟೇ ಎದ್ದು ಹೋಗಬಹುದು. ಡೇಕೇರ್ ಮಕ್ಕಳಿಗೆ ತಾರಸಿಯ ಬಾಗಿಲು ಬೀಗ ಹಾಕಿಯೇ ಇರಲಿ.

ಒಳಗೆ ಇಡುವ ಪುಟ್ಟ ಟ್ರ್ಯಾಂಪೊಲಿನ್ ಅಷ್ಟು ಎತ್ತರ ಹಾರಿಸುವುದಿಲ್ಲ, ನಿಜ. ಆದರೆ ಅದರ ಸುತ್ತ ಏನಿರುತ್ತದೆ? ಟೈಲ್ಸ್ ನೆಲ, ಟೀಪಾಯಿ ಅಂಚು, ಕಿಟಕಿ ಕಟ್ಟೆಯ ಗ್ರಾನೈಟ್ ಮೂಲೆ. ಒಂದು ಮಗು ಹಿಡಿ ಹಿಡಿದು ಕುಣಿಯುತ್ತಿರುತ್ತದೆ, ಇನ್ನೊಂದು ಹಿಂದಿನಿಂದ ಬಂದು ಹತ್ತುತ್ತದೆ. ಎರಡಕ್ಕೂ ಅಲ್ಲಿ ಜಾಗ ಇಲ್ಲ.

ಕೆಲವರು ಇನ್ನೊಂದು ಮಾತು ಕೇಳುತ್ತಾರೆ. "ನಮ್ಮ ಮಗುವಿಗೆ ಥೆರಪಿಸ್ಟ್ ಟ್ರ್ಯಾಂಪೊಲಿನ್ ಹೇಳಿದ್ದಾರಲ್ಲ?" ಹೌದು, ಆಟಿಸಂ ಮತ್ತಿತರ ಅಗತ್ಯ ಇರುವ ಮಕ್ಕಳಿಗೆ ಆಕ್ಯುಪೇಷನಲ್ ಥೆರಪಿಯಲ್ಲಿ ಅದನ್ನು ಬಳಸುತ್ತಾರೆ. ಅಲ್ಲಿ ಒಂದು ಮಗು, ಒಬ್ಬ ಥೆರಪಿಸ್ಟ್, ಕೈ ಹಿಡಿದು, ಲೆಕ್ಕ ಹಾಕಿದ ನಿಮಿಷ. ಅದು ಅಲ್ಲೇ ನಡೆಯಲಿ. ನಿಮ್ಮಲ್ಲಿ ಅಂಥ ಮಗು ಇದ್ದರೆ ಪೋಷಕರ ಮೂಲಕ ಆ ಥೆರಪಿಸ್ಟ್ ಹತ್ತಿರ ಮಾತಾಡಿ. ಡೇಕೇರ್ ಹೊತ್ತಲ್ಲಿ ಅದರ ಬದಲಿಗೆ ಏನು ಮಾಡಿಸಬಹುದು ಅಂತ ಕೇಳಿ. ಗೋಡೆ ತಳ್ಳುವುದು, ಭಾರದ ಚೀಲ ಎಳೆಯುವುದು, ಹೀಗೆ ಏನಾದರೂ ಹೇಳಿಕೊಡುತ್ತಾರೆ.

ಪೋಷಕರಿಂದ "ನಮ್ಮ ಒಪ್ಪಿಗೆ ಇದೆ" ಅಂತ ಬರೆಸಿಕೊಂಡರೆ ಸಾಕು ಅಂದುಕೊಳ್ಳಬೇಡಿ. ಬರೆಸಿಕೊಂಡ ಮಾತ್ರಕ್ಕೆ ಮಗುವನ್ನು ಕಾಯುವ ಹೊಣೆ ನಿಮ್ಮ ಮೇಲಿಂದ ಇಳಿಯುವುದಿಲ್ಲ.

ಹಾಗಾದರೆ ಸೋಫಾ ಮೇಲೆ ಕುಣಿಯುವ ಮಕ್ಕಳನ್ನು ಏನು ಮಾಡುವುದು? ಕುಣಿಯಲಿ. ಕುಣಿಯುವುದು ಆ ವಯಸ್ಸಿನ ಹಸಿವು. ಅದನ್ನು ನೆಲದ ಮೇಲೆ ತೀರಿಸೋಣ. ನೆಲ ಚಿಮ್ಮುವುದಿಲ್ಲ. ಮಗು ತನ್ನ ಕಾಲಿನ ಬಲದಷ್ಟೇ ಮೇಲೆ ಹೋಗುತ್ತದೆ, ಅಷ್ಟೇ ಕೆಳಗೆ ಬರುತ್ತದೆ.

ನಮ್ಮ ಕೆರೆ-ದಡ ಆಟ ಇದೆಯಲ್ಲ, ಅದಕ್ಕಿಂತ ಒಳ್ಳೆಯದು ಬೇಕಾ? ಸೀಮೆಸುಣ್ಣದಲ್ಲಿ ಉದ್ದಕ್ಕೊಂದು ಗೆರೆ ಎಳೆಯಿರಿ. ಈಚೆ ದಡ, ಆಚೆ ಕೆರೆ. "ಕೆರೆ" ಅಂದಾಗ ಒಳಕ್ಕೆ, "ದಡ" ಅಂದಾಗ ಹೊರಕ್ಕೆ. ಎರಡು ಸಲ "ದಡ ದಡ" ಅಂದು ನೋಡಿ, ಅರ್ಧ ಮಕ್ಕಳು ಕೆರೆಗೆ ಹಾರಿರುತ್ತಾರೆ. ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುವುದರಿಂದ ಒಬ್ಬರ ಮೇಲೊಬ್ಬರು ಬೀಳುವುದಿಲ್ಲ. ಎರಡು ವರ್ಷದವನಿಗೆ ನಿಯಮ ಗೊತ್ತಾಗುವುದಿಲ್ಲ, ಅವನು ಔಟ್ ಆಗುವುದೂ ಬೇಡ. ಸುಮ್ನೆ ಕೊನೆಯಲ್ಲಿ ನಿಂತು ಹಾರುತ್ತಾನೆ. ದೊಡ್ಡವಳಿಗೆ ಕರೆಯುವ ಕೆಲಸ ಕೊಡಿ. ಹತ್ತು ನಿಮಿಷದಲ್ಲಿ ಎಲ್ಲರ ಮುಖ ಕೆಂಪಾಗಿರುತ್ತದೆ. ಟೈಲ್ಸ್ ಮೇಲೆ ಸಾಕ್ಸ್ ಮಾತ್ರ ಬೇಡ, ಬರಿಗಾಲಲ್ಲೇ ಆಡಲಿ.

ಹಳೇ ಹತ್ತಿ ಹಾಸಿಗೆಯೊಂದನ್ನು ಕೋಣೆಯ ನಡುವೆ ನೆಲದ ಮೇಲೆ ಹಾಸಿ. ಮಂಚದ ಮೇಲಲ್ಲ, ಗೋಡೆಗೆ ಒತ್ತಿಯೂ ಅಲ್ಲ. ಮೇಲೆ ಉಯ್ಯಾಲೆ ಕೊಂಡಿ ಇದ್ದರೆ ಅದಕ್ಕೆ ಒಂದು ಗೆಜ್ಜೆ ಸರ ಕಟ್ಟಿ, ಮಕ್ಕಳ ಚಾಚಿದ ಕೈಗಿಂತ ನಾಲ್ಕು ಬೆರಳು ಮೇಲೆ ಇರಲಿ. ಒಬ್ಬೊಬ್ಬರಾಗಿ ಬಂದು ಹಾರಿ ಅದನ್ನು ಝಲ್ ಅನ್ನಿಸಬೇಕು. ಆಟ ಮುಗಿದ ಕೂಡಲೇ ದಾರ ಬಿಚ್ಚಿ ಎತ್ತಿಡಿ, ಮಕ್ಕಳ ಕುತ್ತಿಗೆ ಮಟ್ಟದಲ್ಲಿ ದಾರ ನೇತಾಡಬಾರದು. ಸ್ಕೂಲ್ ಮಕ್ಕಳಿಗೆ ಕುಂಟೆಬಿಲ್ಲೆ ಮನೆ ಬರೆದುಕೊಡಿ. ಒಂಟಿ ಕಾಲಲ್ಲಿ ಹಾರಿ, ಬಗ್ಗಿ ಬಿಲ್ಲೆ ಎತ್ತಿಕೊಳ್ಳುವುದು ಸಣ್ಣ ಕಸರತ್ತಲ್ಲ.

ಮನೆ ಮುಂದೆ ನಾಲ್ಕಡಿ ಆರಡಿ ಮಣ್ಣಿನ ಜಾಗ ಇದ್ದರೆ ಟ್ರ್ಯಾಂಪೊಲಿನ್‌ಗೆ ಇಟ್ಟ ದುಡ್ಡಲ್ಲಿ ಮರಳು ಗುಂಡಿ ಮಾಡಿಸಿ. ಜರಡಿ ಹಿಡಿದು ತೊಳೆದ ಮರಳು ಹಾಕಿಸಿ. ಎಂ-ಸ್ಯಾಂಡ್ ಬೇಡ, ಕಲ್ಲಿನ ಪುಡಿ ಜಾಸ್ತಿ. ರಾತ್ರಿ ತಾಡಪಾಲು ಮುಚ್ಚಿ, ಇಲ್ಲವಾದರೆ ಬೆಳಗ್ಗೆ ಹೊತ್ತಿಗೆ ಬೆಕ್ಕುಗಳು ಗಲೀಜು ಮಾಡಿರುತ್ತವೆ.

ಈಗಾಗಲೇ ಆರ್ಡರ್ ಮಾಡಿದ್ದರೆ ಪೆಟ್ಟಿಗೆ ಬಿಚ್ಚದೆ ವಾಪಸ್ ಕಳಿಸಿ. ನಿಮ್ಮದೇ ದೊಡ್ಡ ಮಗುವಿಗೆ ಅಂತ ಮೊದಲೇ ತಂದಿದ್ದು ಮನೆಯಲ್ಲಿದ್ದರೆ ಡೇಕೇರ್ ಹೊತ್ತಲ್ಲಿ ಬೀಗ ಹಾಕಿದ ಕೋಣೆಯಲ್ಲಿರಲಿ. ಏಣಿ ತೆಗೆದಿಟ್ಟರೆ ಸಾಲದು. ಕಣ್ಣಿಗೆ ಕಂಡರೆ ಹತ್ತೇ ಹತ್ತುತ್ತಾರೆ.

ಆ ಇಬ್ಬರು ತಾಯಂದಿರಿಗೆ ಏನು ಹೇಳುವುದು ಅಂತ ಯೋಚನೆ ಇದ್ದರೆ ಗ್ರೂಪಿಗೆ ಹೀಗೆ ಬರೆದು ಹಾಕಿ:

"ಟ್ರ್ಯಾಂಪೊಲಿನ್ ತರಿಸುವ ಬಗ್ಗೆ ವಿಚಾರಿಸಿದೆ. ಚಿಕ್ಕ ಮಕ್ಕಳು ದೊಡ್ಡ ಮಕ್ಕಳು ಅದರ ಮೇಲೆ ಒಟ್ಟಿಗೆ ಕುಣಿಯುವ ಕಡೆ ಚಿಕ್ಕವರ ಕಾಲು ಮುರಿಯುವುದು ಸಾಮಾನ್ಯವಂತೆ, ಅದಕ್ಕೇ ತರಿಸುತ್ತಿಲ್ಲ. ಬದಲಿಗೆ ದಿನಾ ಸಂಜೆ ಐದಕ್ಕೆ ಅರ್ಧ ಗಂಟೆ ಕೆರೆ-ದಡ, ಕುಂಟೆಬಿಲ್ಲೆ, ಮರಳಾಟ ಇರುತ್ತದೆ. ಸೋಮವಾರದಿಂದ ಮಕ್ಕಳ ಬ್ಯಾಗಿನಲ್ಲಿ ಒಂದು ಜೊತೆ ಹಳೇ ಬಟ್ಟೆ ಜಾಸ್ತಿ ಇಟ್ಟು ಕಳಿಸಿ."