ಹಳೇ ಇಂಡೆಕ್ಸ್ ಬೇರೆ, ಹಳಸಿದ ಇಂಡೆಕ್ಸ್ ಬೇರೆ

“ಇಂಡೆಕ್ಸ್ ಅಪ್‌ಡೇಟ್ ಆಗೇ ಇದೆ, ಬೆಳಿಗ್ಗೆ ತಾನೆ ಬಿಲ್ಡ್ ಆಗಿದ್ದು.” ಈ ಮಾತನ್ನ ಈ ವಾರ ಮೂರನೇ ಸಲ ಕೇಳಿದೆ. ಇಲ್ಲಿ ಇಂಡೆಕ್ಸ್ ಅಂದ್ರೆ ಯಾವ ಫಂಕ್ಷನ್ (ಹೆಸರಿಟ್ಟ ಕೋಡ್ ತುಂಡು) ಯಾವ ಫೈಲಲ್ಲಿ ಎಲ್ಲಿದೆ ಅಂತ ಬೇಗ ಹುಡುಕೋಕೆ ಮಾಡಿಟ್ಟ ಪಟ್ಟಿ. ಮಧ್ಯಾಹ್ನ ಯಾರೋ ಒಂದು ಫಂಕ್ಷನ್ ಹೆಸರು ಬದಲಾಯಿಸಿದಾರೆ, ಸಂಜೆ ತಾನೇ ಕೋಡ್ ಬರೆಯೋ ಎಐ ಏಜೆಂಟು ಹಳೇ ಹೆಸರಿಟ್ಟು ಕೋಡ್ ಬರೆದಿದೆ, ಎಲ್ಲರೂ ಅದರ ಹಿಂದಿರೋ ಎಐ ಮಾಡೆಲ್‌ನ ಬೈತಾ ಕೂತಿದಾರೆ. ಬೆಳಿಗ್ಗೆ ಬಿಲ್ಡ್ ಆಗಿದ್ದು ಅಂದ್ರೆ ನೀವು ಇಂಡೆಕ್ಸಿನ ವಯಸ್ಸು ಹೇಳಿದ್ರಿ ಅಷ್ಟೆ. ಅದು ಈ ಕ್ಷಣದ ಕೋಡ್‌ಗೆ ತಾಳೆ ಆಗುತ್ತಾ ಅಂತ ಹೇಳಲಿಲ್ಲ.

ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪದ ಇವೆ, ಹಳೇದು ಮತ್ತೆ ಹಳಸಿದ್ದು. ಕೋಡ್‌ಗೆ ತಾಳೆ ಆಗದ ಇಂಡೆಕ್ಸ್‌ಗೆ ಇಂಗ್ಲಿಷಲ್ಲಿ ಸ್ಟೇಲ್ ಅಂತಾರೆ, ಅದಕ್ಕೆ ಎರಡನೇದೇ ಸರಿ. ವರ್ಷದಿಂದ ಯಾರೂ ಮುಟ್ಟದ ಲೈಬ್ರರಿಗೆ ವರ್ಷದ ಹಿಂದೆ ಮಾಡಿಟ್ಟ ಇಂಡೆಕ್ಸ್ ಹಳೇದು, ಆದ್ರೆ ಚೂರೂ ಹಳಸಿಲ್ಲ. ಏಜೆಂಟ್ ಓಡ್ತಿರೋ ರೆಪೊದಲ್ಲಿ (ಪ್ರಾಜೆಕ್ಟಿನ ಕೋಡೆಲ್ಲ ಇರೋ ಜಾಗ) ಐದು ನಿಮಿಷದ ಹಿಂದಿನ ಇಂಡೆಕ್ಸ್ ಹಳಸಿರಬಹುದು, ಯಾಕಂದ್ರೆ ಫೈಲ್ ಬದಲಾಯಿಸ್ತಿರೋದು ಆ ಏಜೆಂಟೇ, ಅದು ಒಂದು ಫೈಲಿನ ಮೇಲ್ಭಾಗದಲ್ಲಿ ಇಪ್ಪತ್ತು ಲೈನ್ ಸೇರಿಸ್ತು ಅಂದ್ರೆ ಕೆಳಗಿನ ಲೈನ್ ನಂಬರೆಲ್ಲ ಅಲ್ಲಿಗೇ ತಪ್ಪಿಹೋದವು.

ಪದದ ಮೂಲ ನೋಡಿದ್ರೆ ಈ ಗೊಂದಲಾನೇ ಹುಟ್ಟಲ್ಲ. ಇಂಡೆಕ್ಸ್ ಲ್ಯಾಟಿನ್ ಪದ, ತೋರಿಸೋದು, ತೋರುಬೆರಳು ಅಂತ ಅರ್ಥ, ಇಂಗ್ಲಿಷಲ್ಲಿ ಈಗಲೂ ಆ ಬೆರಳಿಗೆ ಇಂಡೆಕ್ಸ್ ಫಿಂಗರ್ ಅಂತಾನೇ ಹೆಸರು. ನಾವು ಪುಸ್ತಕದ ಕೊನೇಲಿ ಬರೋದಕ್ಕೆ ಪದಸೂಚಿ ಅಂತೀವಿ, ಆ ‘ಸೂಚಿ’ಗೆ ಸಂಸ್ಕೃತದಲ್ಲಿ ಸೂಜಿ ಅನ್ನೋ ಅರ್ಥಾನೂ ಇದೆ, ನಮ್ಮ ಸೂಜಿ ಅದರದ್ದೇ ತದ್ಭವ. ಅಲ್ಲಿ ಬೆರಳ ತುದಿ, ಇಲ್ಲಿ ಸೂಜಿಮೊನೆ. ಎರಡೂ ಒಂದು ಜಾಗಕ್ಕೆ ಗುರಿ ಇಡುತ್ತೆ, ಆ ಜಾಗದಲ್ಲಿರೋ ವಸ್ತುವನ್ನ ಹೊತ್ಕೊಂಡು ತಿರುಗಲ್ಲ. ಕೆಲವರು ಕೋಡ್ ಇಂಡೆಕ್ಸ್‌ಗೆ ಅನುಕ್ರಮಣಿಕೆ ಅಂತ ಬರೀತಾರೆ, ದಯವಿಟ್ಟು ಬೇಡ, ಅದರಲ್ಲಿ ಕ್ರಮ ಮುಖ್ಯ, ಇಲ್ಲಿ ಗುರಿ ಮುಖ್ಯ. ಪುಸ್ತಕಕ್ಕೆ ಪದಸೂಚಿ ಹಾಕೋದು ಪುಟಗಳು ಕೂತಾದ ಮೇಲೆ, ಆಮೇಲೆ ಆ ಪುಟ ಅಲ್ಲಾಡಲ್ಲ. ಕೋಡಿನ ಪುಟ ದಿನವಿಡೀ ಅಲ್ಲಾಡ್ತಾನೇ ಇರುತ್ತೆ, ವಸ್ತು ಎದ್ದು ಹೋಗಿರುತ್ತೆ, ಬೆರಳು ಮಾತ್ರ ಹಳೇ ದಿಕ್ಕಿಗೇ ಚಾಚಿರುತ್ತೆ.

ಇದು ಹಿಂದಿನವರಿಗೂ ಗೊತ್ತಿತ್ತು. 1979ರಲ್ಲಿ 3ಬಿಎಸ್‌ಡಿ ಅನ್ನೋ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಜತೆ ಬಂದ ಸಿಟ್ಯಾಗ್ಸ್ ಅನ್ನೋ ಇಂಡೆಕ್ಸ್ ಟೂಲು, ಫಂಕ್ಷನ್ ಇರೋ ಜಾಗಕ್ಕೆ ಲೈನ್ ನಂಬರ್ ಬರೆದಿಡೋ ಬದಲು ಆ ಲೈನನ್ನ ಹುಡುಕೋ ಪ್ಯಾಟರ್ನನ್ನೇ ಬರೆದಿಡ್ತಿತ್ತು. ಮೇಲೆ ಎಷ್ಟು ಲೈನ್ ಸೇರಿದ್ರೂ ವಿಐ ಎಡಿಟರ್ ಸರಿಯಾದ ಜಾಗಕ್ಕೇ ಹೋಗಿ ನಿಲ್ತಿತ್ತು. ಇಷ್ಟು ಸರಳವಾದ ಜಾಣತನವನ್ನ ಈಗಿನ ಎಷ್ಟೋ ಟೂಲ್‌ಗಳು ಮರೆತಿವೆ ಅನ್ನೋದು ನನಗೆ ನಿಜವಾಗ್ಲೂ ಬೇಜಾರು.

ಅಂದಹಾಗೆ ಕೋಡಿನ ಬದಲಾವಣೆಗಳ ದಾಖಲೆ ಇಡೋ ಗಿಟ್‌ನ ಇಂಡೆಕ್ಸ್ ಬೇರೇನೇ, ಅದು ಮುಂದಿನ ಕಮಿಟ್‌ಗೆ (ದಾಖಲೆಗೆ) ಸಿದ್ಧ ಮಾಡೋ ಸ್ಟೇಜಿಂಗ್ ಜಾಗ. ಅಲ್ಲಿಗೆ ಫೈಲ್ ಸೇರಿಸೋ ಗಿಟ್ ಆಡ್ ಕಮಾಂಡ್ ಕೊಟ್ರೆ ಏಜೆಂಟಿನ ಇಂಡೆಕ್ಸ್ ಅಪ್‌ಡೇಟ್ ಆಗಲ್ಲ.

ತಾಳೆ ನೋಡೋದು ಹೇಗೆ ಅಂದ್ರೆ ಟೈಮ್‌ಸ್ಟ್ಯಾಂಪ್ (ಫೈಲ್ ಕೊನೇ ಸಲ ಬರೆದ ಸಮಯ) ನೆಚ್ಕೋಬೇಡಿ, ಅದು ಮತ್ತೆ ವಯಸ್ಸೇ. ಬ್ರಾಂಚ್ (ಅದೇ ಕೋಡಿನ ಇನ್ನೊಂದು ಕವಲು) ಬದಲಾಯಿಸಿ ವಾಪಸ್ ಬಂದ್ರೆ ಫೈಲಿನ ಒಳಗಿನ ಅಕ್ಷರ ಅದೇ ಇರುತ್ತೆ, ಟೈಮ್ ಮಾತ್ರ ಹೊಸದು. ಫೈಲಿನ ಒಳಗಿರೋದರ ಹ್ಯಾಶ್ ನೋಡಬೇಕು, ಅಂದ್ರೆ ಒಳಗಿನ ಅಕ್ಷರಗಳಿಂದ ಲೆಕ್ಕ ಹಾಕಿದ ಗುರುತು, ಒಂದಕ್ಷರ ಬದಲಾದ್ರೂ ಅದು ಬದಲಾಗುತ್ತೆ. ಫೈಲ್‌ಗಳ ಹ್ಯಾಶ್ ಸೇರಿಸಿ ಫೋಲ್ಡರಿಗೊಂದು, ಫೋಲ್ಡರ್‌ಗಳದ್ದು ಸೇರಿಸಿ ಪೂರ್ತಿ ರೆಪೊಗೊಂದು ಹ್ಯಾಶ್ ಮಾಡಿಟ್ರೆ ಅದು ಮರ್ಕಲ್ ಟ್ರೀ, ಕರ್ಸರ್ ಅನ್ನೋ ಎಐ ಕೋಡ್ ಎಡಿಟರ್ ಬಳಸೋದು ಇದನ್ನೇ. ಮೇಲಿನ ಹ್ಯಾಶ್ ಒಂದೇ ಆಗಿದ್ರೆ ಕೆಲಸ ಮುಗೀತು, ಇಲ್ಲಾಂದ್ರೆ ಬದಲಾದ ಕೊಂಬೆಗಷ್ಟೇ ಇಳಿದ್ರೆ ಸಾಕು.

ಆದ್ರೆ ಫೈಲ್ ಬದಲಾಗಿಲ್ಲ ಅಂದ ಮಾತ್ರಕ್ಕೆ ಇಂಡೆಕ್ಸಲ್ಲಿ ಅದರ ಎಂಟ್ರಿ ಸರಿ ಇದೆ ಅಂತಲ್ಲ, ಜನ ಎಡವೋದು ಇಲ್ಲೇ. ಒಂದು ಫೈಲು ಇನ್ನೊಂದರಲ್ಲಿರೋ ಫಂಕ್ಷನ್ನನ್ನ ಮಧ್ಯದ ಮೂರನೇ ಫೈಲಿನ ಮೂಲಕ ತಗೋತಿರುತ್ತೆ. ಆ ಫಂಕ್ಷನ್ ಬೇರೆ ಕಡೆ ಹೋಯ್ತು, ಮಧ್ಯದ ಫೈಲು ತಿದ್ದಿದ್ರು. ಕರೆಯೋ ಫೈಲಿನ ಒಂದಕ್ಷರಾನೂ ಬದಲಾಗಿಲ್ಲ, ಹ್ಯಾಶ್ ಅದೇ, ಆದ್ರೆ ಅದು ಕರೆಯೋ ಫಂಕ್ಷನ್ ಎಲ್ಲಿದೆ ಅಂತ ಇಂಡೆಕ್ಸ್ ಎಳೆದಿಟ್ಟ ಬಾಣ ಖಾಲಿ ಜಾಗಕ್ಕೆ ಬೀಳ್ತಿದೆ. ಅದಕ್ಕೇ ಯಾರು ಯಾರನ್ನ ನೆಚ್ಕೊಂಡಿದಾರೆ ಅಂತಾನೂ ಬರೆದಿಡಬೇಕು, ಬದಲಾದ ಫೈಲಿನ ಜತೆ ಅದನ್ನ ನೆಚ್ಚಿರೋ ಫೈಲ್‌ಗಳ ಬಾಣಗಳನ್ನೂ ಮತ್ತೆ ಎಳೀಬೇಕು. ಡಿಲೀಟ್ ಇನ್ನೂ ಕೆಟ್ಟದ್ದು, ಬದಲಾದ ಫೈಲ್‌ಗಳ ಪಟ್ಟಿ ಓದೋ ಸ್ಕ್ರಿಪ್ಟು, ಅಳಿಸಿಹೋದ ಫೈಲನ್ನ ತೆರೆಯೋಕಾಗದೆ ಸುಮ್ನೆ ಮುಂದಕ್ಕೆ ಹೋಗುತ್ತೆ, ಅದರ ತುಣುಕುಗಳು ಇಂಡೆಕ್ಸಲ್ಲೇ ಉಳ್ಕೊಂಡು ಏಜೆಂಟಿಗೆ ಸಿಗ್ತಾನೇ ಇರುತ್ತೆ.

ಕೆಲವು ಏಜೆಂಟುಗಳು ಇಂಡೆಕ್ಸೇ ಇಟ್ಕೊಳ್ದೆ ಪ್ರತಿ ಸಲ ಗ್ರೆಪ್ (ಫೈಲ್‌ಗಳಲ್ಲಿ ನೇರವಾಗಿ ಪದ ಹುಡುಕೋ ಕಮಾಂಡ್) ಹಾಕಿ ಹುಡುಕ್ತವೆ. ಹಳಸೋ ಮಾತೇ ಇಲ್ಲ, ಆದ್ರೆ ಹುಡುಕೋ ಪದ ಏನು ಅಂತ ಮೊದಲು ಹೊಳೀಬೇಕು. ಇಂಡೆಕ್ಸ್ ಇದ್ರೂನೂ ಅದು ತೋರಿಸಿದ ಜಾಗವನ್ನ ಸುಳಿವು ಅಂತಷ್ಟೇ ತಗೊಂಡು, ಎಡಿಟ್ ಮಾಡೋ ಮುಂಚೆ ಡಿಸ್ಕಲ್ಲಿರೋ ಫೈಲನ್ನ ಏಜೆಂಟ್ ಮತ್ತೆ ಓದಲೇಬೇಕು.

ಇನ್ನೊಂದು ಹಳಸೋದಿದೆ, ಅದಕ್ಕೆ ಕೋಡ್ ಬದಲಾಗೋದೇ ಬೇಡ. ಅರ್ಥದ ಮೇಲೆ ಹುಡುಕೋಕೆ ಕೋಡ್ ತುಣುಕನ್ನ ವೆಕ್ಟರ್, ಅಂದ್ರೆ ಸಂಖ್ಯೆಗಳ ಸಾಲು, ಮಾಡಿಕೊಡೋ ಎಂಬೆಡಿಂಗ್ ಮಾಡೆಲ್ ಬದಲಾಯಿಸಿದ್ರೆ ಹಳೇ ವೆಕ್ಟರನ್ನ ಹೊಸ ವೆಕ್ಟರ್ ಜತೆ ಹೋಲಿಸೋಕಾಗಲ್ಲ. ಹ್ಯಾಶ್ ಎಲ್ಲ ಸರಿ ಇರುತ್ತೆ, ಒಂದು ಫೈಲೂ ಬದಲಾಗಿರಲ್ಲ, ಆದ್ರೂ ಪೂರ್ತಿ ಇಂಡೆಕ್ಸ್ ಮೊದಲಿಂದ ಕಟ್ಟಬೇಕು.