ದೇವ್ರಿಗೆ ದುಡ್ಡು ಯಾಕೆ ಅಂತ ಕೇಳಿದ್ರಲ್ಲ

ಓದುಗರ ಪ್ರಶ್ನೆ: ಎಲ್ಲಾ ಕೊಟ್ಟಿರೋನೇ ದೇವ್ರು, ಅವ್ನಿಗೇ ನಾವು ಕಾಣಿಕೆ ಹಾಕೋದು ಯಾಕೆ? ಅದೇ ದುಡ್ಡಲ್ಲಿ ಹಸಿದೋರಿಗೆ ಊಟ ಹಾಕಿದ್ರೆ ಆಗಲ್ವಾ?

ಧಾರಾಳವಾಗಿ ಹಾಕಿ, ಯಾರೂ ಬೇಡ ಅನ್ನಲ್ಲ. ಆದ್ರೆ ಕಾಣಿಕೆ ಅನ್ನೋ ಪದಾನೇ ನೋಡಿ, ಕಾಣೋಕೆ ಹೋದಾಗ ಕೊಡೋದು ಅಂತ. ದೊಡ್ಡೋರ ಮನೆಗೆ ಬರಿಗೈಲಿ ಹೋಗ್ಬಾರ್ದು ಅಂತ ನಾಲ್ಕು ಬಾಳೆಹಣ್ಣು ಹಿಡ್ಕೊಂಡು ಹೋಗ್ತೀವಲ್ಲ, ಅವ್ರಿಗೆ ಬಾಳೆಹಣ್ಣಿಗೆ ಗತಿ ಇಲ್ಲ ಅಂತಾನಾ? ನೈವೇದ್ಯನೂ ಹಂಗೇ, ನಿವೇದನೆ ಅಂದ್ರೆ ಅರಿಕೆ ಮಾಡ್ಕೊಳೋದು, ಇವತ್ತು ಮನೇಲಿ ಇದಾಯ್ತು ನೋಡಪ್ಪಾ ಅಂತ ಮುಂದಿಟ್ಟು ಆಮೇಲೆ ನಾವೇ ಹಂಚ್ಕೊಂಡು ತಿಂತೀವಿ. ಗೀತೆಯ 9ನೇ ಅಧ್ಯಾಯದಲ್ಲಿ ಹೇಳಿರೋದು ಎಲೆ, ಹೂವು, ಹಣ್ಣು, ನೀರು ಅಷ್ಟೇ.

ಹರಕೆ ಬೇರೆ. ಕೆಲ್ಸ ಆದ್ರೆ ಮುಡಿ ಕೊಡ್ತೀನಿ ಅನ್ನೋದು ಕರಾರು. ತಪ್ಪಲ್ಲ, ನಮ್ಮಜ್ಜಿನೂ ಅರಿಶಿನದ ಬಟ್ಟೇಲಿ ಕಾಸು ಕಟ್ಟಿ ತಿಮ್ಮಪ್ಪಂಗೆ ಮುಡಿಪು ಇಡ್ತಿದ್ರು, ಆದ್ರೆ ಅದನ್ನ ದಾನ ಅನ್ಬೇಡಿ.

ನಿಮ್ಮ ಪ್ರಶ್ನೆಗೆ ನಂಗೆ ನೆನಪಾಗೋದು ಬಸವಣ್ಣನ ಕಾಲದ ಶರಣ ಆಯ್ದಕ್ಕಿ ಮಾರಯ್ಯ. 12ನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಹೆಂಡ್ತಿ ಲಕ್ಕಮ್ಮ ಅಡುಗೆ ಮಾಡಿ, ಇಬ್ರೂ ಜಂಗಮರಿಗೆ, ಅಂದ್ರೆ ಶಿವನ ರೂಪ ಅಂತಾನೇ ನಂಬಿದ್ದ ಶಿವಭಕ್ತರಿಗೆ, ದಾಸೋಹ ಮಾಡ್ತಿದ್ರು. ಅಲ್ಲಿ ದೇವ್ರ ಪೂಜೆ ಬೇರೆ, ಹಸಿದೋರ ಊಟ ಬೇರೆ ಅಂತ ಇರ್ಲೇ ಇಲ್ಲ. ಒಂದಿನ ಮಾರಯ್ಯ ಜಾಸ್ತಿ ಅಕ್ಕಿ ತಂದ, ಅದೂ ದಾಸೋಹಕ್ಕೇ, ಆದ್ರೂ ಲಕ್ಕಮ್ಮ "ಈಸಕ್ಕಿಯಾಸೆ ನಿಮಗೇಕೆ", ಇಷ್ಟೊಂದು ಅಕ್ಕಿ ಆಸೆ ನಿಮಗ್ಯಾಕೆ, ಅಂತ ಗದರಿ ಅಲ್ಲೇ ಸುರಿದು ಬನ್ನಿ ಅಂದ್ಲು. ಪುಣ್ಯದ ಲೆಕ್ಕದಲ್ಲೂ ದುರಾಸೆ ಬರತ್ತೆ ಅಂತ ಆಯಮ್ಮಂಗೆ ಗೊತ್ತಿತ್ತು! ಈಗ ನಾವು ಒಂದು ಟ್ಯೂಬ್‌ಲೈಟ್ ಕೊಟ್ಟು ಅದ್ರ ಮೇಲೆ ಬೆಳಕೇ ಬೀಳದಷ್ಟು ದೊಡ್ಡದಾಗಿ ಹೆಸ್ರು ಬರೆಸ್ತೀವಿ.

ಇನ್ನು ದುಡ್ಡು ಎಲ್ಲಿಗೆ ಹೋಗತ್ತೆ ಅನ್ನೋದು. ಮುಜರಾಯಿ ದೇವಸ್ಥಾನದಲ್ಲಿ ಹುಂಡಿಗೆ ಹಾಕಿದ್ದು ಎಣಿಸಿ ದೇವಸ್ಥಾನದ ಖಾತೆಗೆ, ಮಂಗಳಾರತಿ ತಟ್ಟೆಗೆ ಹಾಕಿದ್ದು ಸಾಮಾನ್ಯವಾಗಿ ಅರ್ಚಕರಿಗೆ, ಹಳ್ಳಿ ಕಡೆ ಸಣ್ಣ ಗುಡಿಗಳಲ್ಲಿ ಆ ತಟ್ಟೆಕಾಸೇ ಅವ್ರ ಮನೆ ನಡೆಸೋದು. ಊಟಕ್ಕೇ ಹೋಗ್ಬೇಕು ಅಂದ್ರೆ ಹುಂಡಿಗೆ ಹಾಕ್ಬೇಡಿ, ಕೌಂಟರಲ್ಲಿ ಅನ್ನದಾನಕ್ಕೆ ಅಂತ ಹೇಳಿ ರಸೀದಿ ತಗೊಳ್ಳಿ. ಧರ್ಮಸ್ಥಳ, ಹೊರನಾಡು ಕಡೆ ಊಟದ ಪಂಕ್ತೀಲಿ ಕೂತೋರನ್ನ ಯಾರೂ ಟಿಕೆಟ್ ಕೇಳಲ್ಲ.